ಸಬ್ಸಿಡಿ ಬಗ್ಗೆ ಸಿಎ ಮೇಡಂ ಜೊತೆ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ಶರಣು. ಇವತ್ತು 4ರಿಂದ 6ರ ತನಕ ಸಿಎ ಮೇಡಂ ನಮ್ಮ ಗುಂಪಿನಲ್ಲಿ ಇರುತ್ತಾರೆ. ಕಲಬುರಗಿಯಲ್ಲಿ ಹದಿನೆಂಟು ವರ್ಷದಿಂದ ಪ್ರಾಜೆಕ್ಟ್ ರಿಪೋರ್ಟ್, ಸಬ್ಸಿಡಿ ಫೈಲ್ ಮಾಡಿಸುತ್ತಿದ್ದಾರೆ. ಹೆಸರು ಬೇಡ, ನಿಮ್ಮ ಊರಿನ ಹೆಸರು ಹಾಕಿ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಆಳಂದ: ನಮಸ್ಕಾರ ಮೇಡಂ. ಉದ್ಯಮ್ ನೋಂದಣಿಗೆ ಫೀಸ್ ಎಷ್ಟು? ನೆಟ್ ಸೆಂಟರ್‌ನವರು 1500 ಕೇಳುತ್ತಿದ್ದಾರೆ.

ಸಿಎ: ಶರಣು ಸರ್. ಒಂದು ರೂಪಾಯಿಯೂ ಇಲ್ಲ. ಅದು ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಇದ್ದರೆ ನೀವೇ ಮಾಡಬಹುದು. ಟೈಪ್ ಮಾಡಿಕೊಟ್ಟಿದ್ದಕ್ಕೆ ಐವತ್ತು, ನೂರು ಕೊಟ್ಟರೆ ಅದು ನಿಮ್ಮ ಇಷ್ಟ.

ಚಿತ್ತಾಪುರ: ಅಕ್ಕಾರೆ, ಕಳೆದ ವರ್ಷ ಜೋಳದ ರೊಟ್ಟಿ ಮಷಿನ್ ತಗೊಂಡೆವು. ನಾಲ್ಕು ಜನ ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಈಗ ಅದಕ್ಕೆ ಸಬ್ಸಿಡಿ ಬರುತ್ತದಾ?

ಸಿಎ: ತಗೊಂಡಾಗಿರುವ ಮಷಿನ್‌ಗೆ ಬರಲ್ಲಮ್ಮ. ಪಿಎಂಇಜಿಪಿ ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ, ಅದರಲ್ಲಿ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ. ಆದರೆ ಪಿಎಂಎಫ್‌ಎಂಇ ಅಂತ ಇನ್ನೊಂದಿದೆ, ಆಹಾರ ತಯಾರಿಸುವ ಸಣ್ಣ ಘಟಕಗಳಿಗೆ. ಅದರಲ್ಲಿ ನಡೆಯುತ್ತಿರುವ ಘಟಕವೂ ಬೆಳೆಯಬಹುದು. ಹಿಟ್ಟು ಕಲಸುವ ಯಂತ್ರ, ಪ್ಯಾಕಿಂಗ್ ಯಂತ್ರ ಇನ್ನು ಮೇಲೆ ಬ್ಯಾಂಕ್ ಸಾಲದಲ್ಲಿ ತಗೊಂಡರೆ ಕೇಂದ್ರದ್ದು 35%, ನಮ್ಮ ರಾಜ್ಯದ್ದು ಮೇಲೆ 15%. ಅರ್ಜಿ ಹಾಕಿಸಲು ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅವರಿಗೆ ಸರ್ಕಾರವೇ ಕೊಡುತ್ತದೆ, ನೀವು ಕೊಡಬೇಡಿ.

ಹುಮನಾಬಾದ್: ಮೇಡಂ, ಫ್ಯಾಕ್ಟರಿಗೆ ಅರ್ಧ ಎಕರೆ ನೋಡಿದ್ದೇವೆ, ನಾಡಿದ್ದು ರಿಜಿಸ್ಟ್ರಿ. ಮುದ್ರಾಂಕ ಶುಲ್ಕ ಕಟ್ಟಿ ಆಮೇಲೆ ವಾಪಸ್ ತಗೋಬಹುದಾ?

ಸಿಎ: ಇಲ್ಲ. ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದ ವಿನಾಯಿತಿ ಪತ್ರ, ಆಮೇಲೆ ರಿಜಿಸ್ಟ್ರಿ. ದಿನ ಮುಂದೆ ಹಾಕಿ.

ಬೀದರ್: ನಮ್ಮದು ಬಿದ್ರಿ ಕೆಲಸ, ಮೂರು ತಲೆಮಾರು. ಸತು ಮತ್ತು ಬೆಳ್ಳಿಗೆ ಬಂಡವಾಳ ಸಾಲದು. ನಮಗೆ ಯಾವ ಯೋಜನೆ ಸರಿ?

ಅಫಜಲಪುರ: ಮೇಡಂ, ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳಬೇಡಿ. ಹಳ್ಳಿಯಲ್ಲಿ ಹೆಂಡತಿ ಹೆಸರಿಗೆ ತೊಗರಿ ಬೇಳೆ ಮಿಲ್ ಹಾಕಬೇಕು ಅಂತಿದ್ದೇವೆ. ಒಬ್ಬ ಏಜೆಂಟ್ ಸಿಕ್ಕಿದ್ದಾನೆ. ನಿಜವಾದ ಖರ್ಚು 24 ಲಕ್ಷ. ಅವನು 40 ಲಕ್ಷದ ಕೊಟೇಶನ್ ಮಾಡಿಸಿದ್ದಾನೆ. ಮೇಲಿನ 16 ಲಕ್ಷ ವ್ಯಾಪಾರಿಯಿಂದ ನಗದಾಗಿ ವಾಪಸ್ ಬರುತ್ತದೆ, 4 ಅವನಿಗೆ, 12 ನಮಗೆ. ಮೇಲೆ 14 ಲಕ್ಷ ಸಬ್ಸಿಡಿ. ಫೈಲ್ ಖರ್ಚು ಅಂತ 40 ಸಾವಿರ ಕೊಟ್ಟಿದ್ದೇವೆ, ಹೆಂಡತಿಯ ಎರಡು ಖಾಲಿ ಚೆಕ್ಕೂ ಅವನ ಹತ್ತಿರ ಇವೆ. ಮೂರು ವರ್ಷ ಮಿಲ್ ಹೆಂಗೋ ತೋರಿಸಿದರೆ ಸಾಕು ಅಂತಾನೆ. ಬರೀ ಜಿಎಸ್‌ಟಿ ಬಗ್ಗೆ ಕೇಳಬೇಕಿತ್ತು, ಬಿಲ್ ಎಷ್ಟರ ತನಕ...

ಸಿಎ: ಜಿಎಸ್‌ಟಿ ಆಮೇಲೆ. ಬೇರೆಯವರು ಸ್ವಲ್ಪ ತಡೆಯಿರಿ, ಇವರಿಗೆ ಪೂರ್ತಿ ಬರೆಯಬೇಕು.

ಅಣ್ಣಾರೆ, ನಿಮ್ಮ ಏಜೆಂಟ್ ಲೆಕ್ಕ ಅರ್ಧ ಮಾತ್ರ ಹೇಳಿದ್ದಾನೆ. ಪಿಎಂಇಜಿಪಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳ ಹೆಸರಿಗೆ 35% ಸಬ್ಸಿಡಿ ಅನ್ನುವುದು ನಿಜ. 40 ಲಕ್ಷಕ್ಕೆ 14 ಲಕ್ಷ, ಅದೂ ನಿಜ. ನೀವು 5% ಅಂದರೆ 2 ಲಕ್ಷ ಹಾಕಬೇಕು. ಉಳಿದ 38 ಲಕ್ಷ ಬ್ಯಾಂಕ್ ಸಾಲ, ನಿಮ್ಮ ಹೆಂಡತಿಯ ಸಹಿ ಮೇಲೆ. ಆ 14 ಲಕ್ಷ ನಿಮ್ಮ ಕೈಗೆ ಬರುವ ದುಡ್ಡಲ್ಲ. ಬ್ಯಾಂಕಿನಲ್ಲಿಯೇ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಅದಕ್ಕೆ ಬಡ್ಡಿ ಬರಲ್ಲ, ಅಷ್ಟು ಸಾಲಕ್ಕೆ ಬಡ್ಡಿ ಹಾಕುವುದೂ ಇಲ್ಲ. ಮೂರು ವರ್ಷ ಆದ ಮೇಲೆ ಸ್ಥಳಕ್ಕೆ ಬಂದು ನೋಡುತ್ತಾರೆ. ಮಿಲ್ ಓಡುತ್ತಿದ್ದರೆ ಸಾಲಕ್ಕೆ ಜಮಾ. ದುಡ್ಡು ಬೇರೆ ಕಡೆ ಹೋಗಿದೆ ಅಂತ ಕಂಡರೆ ಸಬ್ಸಿಡಿ ವಾಪಸ್. ಆಗ 24 ಲಕ್ಷದ ಮಿಲ್ ಮೇಲೆ 38 ಲಕ್ಷದ ಸಾಲ ನಿಮ್ಮದು. ಮಾರಿದರೂ ತೀರಲ್ಲ. ಅವನ 4 ಲಕ್ಷ ಅಷ್ಟೊತ್ತಿಗೆ ಇನ್ನೊಂದು ತಾಲೂಕಿನಲ್ಲಿ ಇರುತ್ತದೆ.

ಸುಳ್ಳು ಬಿಲ್ ಕೊಟ್ಟು ಸಾಲ ತಗೊಳ್ಳುವುದು ವಂಚನೆ. ಏಜೆಂಟ್ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಇರುವುದು ನಿಮ್ಮ ಹೆಂಡತಿಯ ಹೆಸರು. ಅವರಿಗೆ ಇದು ಗೊತ್ತಾ?

ಇನ್ನೂ ಒಂದು. ಬೇಳೆ ಮಿಲ್ ನಿಲ್ಲುವುದು ಮಷಿನ್ ಇಲ್ಲದೆ ಅಲ್ಲ, ತೊಗರಿ ಇಲ್ಲದೆ. ಸುಗ್ಗಿಯಲ್ಲಿ ಮಾಲು ಬರುತ್ತದೆ, ಆಗ ಕೈಯಲ್ಲಿ ದುಡ್ಡಿರಬೇಕು. ಎಣ್ಣೆ ಹಚ್ಚಿ ಬಿಸಿಲಿಗೆ ಹಾಕಿ ದಿನಗಟ್ಟಲೆ ಕಾಯಬೇಕು. ಬೇಳೆ ಮಾರಿದ ದುಡ್ಡು ತಿಂಗಳು ತಡವಾಗಿ ಬರುತ್ತದೆ. ನೀವು ಮಷಿನ್ ಬೆಲೆ ಬರೆದಿದ್ದೀರಿ, ತೊಗರಿ ಕೊಳ್ಳುವ ದುಡ್ಡಿನ ಬಗ್ಗೆ ಒಂದು ಮಾತಿಲ್ಲ. ಪ್ರಾಮಾಣಿಕವಾಗಿ 24 ಲಕ್ಷ ಮತ್ತು ದುಡಿಯುವ ಬಂಡವಾಳ ಸೇರಿಸಿ ರಿಪೋರ್ಟ್ ಮಾಡಿಸಿ. ಯೋಜನೆಯ ಮಿತಿ 50 ಲಕ್ಷ, ಜಾಗ ಇದೆ. ಜಮೀನಿನ ಬೆಲೆ ಮಾತ್ರ ಸೇರಿಸಲು ಬರಲ್ಲ.

ಕೊಟೇಶನ್ ಮೇಲೆ ವ್ಯಾಪಾರಿಯ ಜಿಎಸ್‌ಟಿ ನಂಬರ್ ಇರುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ, ಏನು ಬರುತ್ತದೆ ಇಲ್ಲಿ ಬರೆಯಿರಿ. ಕಾಯುತ್ತೇನೆ.

ಜೇವರ್ಗಿ: *ತಪ್ಪದೇ ಓದಿ!!* ಕಲ್ಯಾಣ ಕರ್ನಾಟಕದ ನಿರುದ್ಯೋಗಿ ಯುವಕರಿಗೆ 371ಜೆ ಅಡಿ 10 ಲಕ್ಷ ಉಚಿತ, ವಾಪಸ್ ಕಟ್ಟಬೇಕಿಲ್ಲ. ಕೊನೆಯ ದಿನ ನಾಳೆ. ಲಿಂಕ್ ಒತ್ತಿ 20 ಜನರಿಗೆ ಕಳಿಸಿ.

ಸಿಎ: ಇದನ್ನು ಈ ತಿಂಗಳಲ್ಲಿ ನನಗೆ ಆರನೇ ಸಲ ತೋರಿಸುತ್ತಿದ್ದಾರೆ. ಲಿಂಕ್ ಒತ್ತಬೇಡಿ. 371ಜೆ ಸಂವಿಧಾನದ ವಿಧಿ, ಬ್ಯಾಂಕ್ ಅಲ್ಲ. ಅದರಲ್ಲಿ ಈ ಭಾಗದ ಸರ್ಕಾರಿ ನೌಕರಿ, ಕಾಲೇಜು ಸೀಟಿನ ಮೀಸಲಾತಿ ಮತ್ತು ಅಭಿವೃದ್ಧಿ ಮಂಡಳಿ ಇವೆ. ಯಾರಿಗೂ ಉಚಿತ ಹತ್ತು ಲಕ್ಷ ಇಲ್ಲ. ಒಟಿಪಿ ಕೇಳುತ್ತಾರೆ, ಕೊಡುತ್ತೀರಿ, ಆಮೇಲೆ ಸೋಮವಾರ ನನ್ನ ಆಫೀಸಿಗೆ ಅಳುತ್ತಾ ಬರುತ್ತೀರಿ.

ಜೇವರ್ಗಿ: ಬಂದಿತ್ತು, ಕಳಿಸಿದೆ ಮೇಡಂ. ಒಳ್ಳೆಯದಾಗಲಿ ಅಂತ.

ಶಹಾಪುರ: 371ಜೆ ಇದ್ದರೆ ಫ್ಯಾಕ್ಟರಿ ಕೆಲಸದಲ್ಲೂ ನಮಗೇ ಮೀಸಲಾತಿ ಕೊಡಬೇಕಲ್ಲ? ನಮ್ಮ ಕಡೆ ಜಮೀನು ಕೊಟ್ಟವರ ಮಕ್ಕಳಿಗೆ ಗೇಟ್ ಕಾಯುವ ಕೆಲಸ, ಒಳಗೆಲ್ಲ ಹೊರಗಿನವರು.

ಸಿಎ: ಖಾಸಗಿ ಕೆಲಸಕ್ಕೆ 371ಜೆ ಅನ್ವಯ ಇಲ್ಲ. ಆದರೆ 2020-25ರ ಕೈಗಾರಿಕಾ ನೀತಿಯಲ್ಲಿ ರಿಯಾಯಿತಿ ತಗೊಂಡವರು ಒಟ್ಟು 70%, ಡಿ ವರ್ಗದಲ್ಲಿ 100% ಕನ್ನಡಿಗರಿಗೆ ಕೊಡಬೇಕು ಅಂತ ಷರತ್ತು ಇತ್ತು. ಕನ್ನಡಿಗರು ಅಂತ, ನಿಮ್ಮ ತಾಲೂಕಿನವರು ಅಂತಲ್ಲ.

ಸೇಡಂ: ಸುಮ್ನೆ ಸಬ್ಸಿಡಿ ಸಬ್ಸಿಡಿ ಅಂತೀರಿ. ನಮ್ಮಲ್ಲಿ ಸಿಮೆಂಟ್ ಫ್ಯಾಕ್ಟರಿ ಬಂದಿದ್ದು ಸುಣ್ಣದ ಕಲ್ಲು ಇತ್ತು ಅಂತ, ರೈಲು ಇತ್ತು ಅಂತ. ಸಬ್ಸಿಡಿಗೆ ಬಂದವನು ಸಬ್ಸಿಡಿ ಮುಗಿದ ದಿನ ಹೋಗುತ್ತಾನೆ.

ಭಾಲ್ಕಿ: ಹಂಗಂತ ಬೆಂಗಳೂರಿಗೇ ಎಲ್ಲ ಹೋಗಲಾ? ಗಡಿ ದಾಟಿದರೆ ಜಹೀರಾಬಾದ್‌ನಲ್ಲಿ ಟ್ರ್ಯಾಕ್ಟರ್ ಫ್ಯಾಕ್ಟರಿ ಇದೆ. ನಮ್ಮ ಹುಡುಗರು ದಿನಾ ಅಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ನಂಜುಂಡಪ್ಪ ವರದಿ 2002ರಲ್ಲಿ 114 ತಾಲೂಕು ಹಿಂದುಳಿದಿವೆ ಅಂತ ಪಟ್ಟಿ ಕೊಟ್ಟಿತು. ಆಗ ಹುಟ್ಟಿದವರು ಈಗ ಕೆಲಸ ಹುಡುಕುತ್ತಿದ್ದಾರೆ.

ಸೇಡಂ: ಜಹೀರಾಬಾದ್ ಹೈದರಾಬಾದಿಗೆ ಹತ್ತಿರ. ಅದೇ ಕಾರಣ.

ಭಾಲ್ಕಿ: ಭಾಲ್ಕಿ ಏನು ಚಂದ್ರನ ಮೇಲೆ ಇದೆಯಾ?

ಕಲಬುರಗಿ: ನಿಜಾಮರ ಕಾಲದ ಎಂಎಸ್‌ಕೆ ಬಟ್ಟೆ ಮಿಲ್ ಇತ್ತು, ಸಾವಿರಾರು ಜನರ ಮನೆ ನಡೆಯುತ್ತಿತ್ತು. ಅದು ಮುಚ್ಚಿತು. 2023ರಲ್ಲಿ ಮಿತ್ರ ಜವಳಿ ಪಾರ್ಕ್ ಕೊಟ್ಟರು. ಯಾವಾಗ ನೂಲು ಬರುತ್ತದೋ ನೋಡೋಣ.

ಸೇಡಂ: ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5000 ಕೋಟಿ ಅಂತ ಘೋಷಣೆ ಆಯ್ತಲ್ಲ. ಎಲ್ಲಿ ಹೋಯ್ತು ಕೇಳಿ ಮೊದಲು.

ಭಾಲ್ಕಿ: ನಿಮ್ಮ ಎಂಎಲ್‌ಎ ಕೇಳಲಿ.

ಅಡ್ಮಿನ್: ರಾಜಕೀಯ ಬೇಡ ಅಣ್ಣಾರೆ.

ಸುರಪುರ: ಕೆಐಎಡಿಬಿ (ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ) ಪ್ಲಾಟ್‌ಗೆ ಎಲ್ಲಿ ಅರ್ಜಿ? ನಮ್ಮದು 6 ಕೋಟಿ ಯೋಜನೆ.

ಸಿಎ: 15 ಕೋಟಿ ತನಕ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿ. ಅಲ್ಲಿ ಒಪ್ಪಿಗೆ, ಆಮೇಲೆ ಪ್ಲಾಟ್. ಪ್ಲಾಟ್ ಹಿಡಿದು ಬೆಲೆ ಏರಲಿ ಅಂತ ಕೂತರೆ ವಾಪಸ್ ತಗೊಳ್ಳುತ್ತಾರೆ.

ಬೀದರ್: ಮೇಡಂ, ಬಿದ್ರಿ ಬಗ್ಗೆ ಕೇಳಿದ್ದೆ.

ಕಮಲಾಪುರ: ಉದ್ಯಮ್ ಮಾಡಿಸಲು ಎಷ್ಟು ಖರ್ಚು ಬರುತ್ತದೆ ಮೇಡಂ?

ಸಿಎ: ಉಚಿತ.

ಯಾದಗಿರಿ: ನಮ್ಮ ಸಂಬಂಧಿಕರು ಹೇಳಿದರು, ಸಬ್ಸಿಡಿ ಬೇಕಾದರೆ ಸಾಲ ತಗೊಂಡು ಕಂತು ಕಟ್ಟದೇ ಬಿಡಬೇಕಂತೆ, ಸರ್ಕಾರ ಮನ್ನಾ ಮಾಡುತ್ತದಂತೆ.

ಸಿಎ: ನಿಮ್ಮ ಸಂಬಂಧಿಕರ ಸಿಬಿಲ್ ಸ್ಕೋರ್ ಎಷ್ಟು ಅಂತ ಕೇಳಿ ಬನ್ನಿ.

ಚಿಂಚೋಳಿ: ಉದ್ಯಮ್ ಫೀಸ್?

ಸಿಎ: ಮೇಲೆ ಎರಡು ಸಲ ಬರೆದಿದ್ದೇನೆ. ಬೆರಳಿಂದ ಪರದೆ ಮೇಲಕ್ಕೆ ಎಳೆಯಿರಿ.

ಚಿಂಚೋಳಿ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ? ಫೀಸ್ ತಗೊಳ್ಳುವವರು ಹಿಂಗೆ ಮಾತಾಡಬಾರದು.

ಸಿಎ: ಇಲ್ಲಿ ನಾನು ಫೀಸ್ ತಗೊಂಡಿಲ್ಲ.

ಸೇಡಂ: ಹಿರಿಯರ ಜೊತೆ ಸರಿಯಾಗಿ ಮಾತಾಡಿ ತಮ್ಮಾ.

ಚಿಂಚೋಳಿ: ಯಾರು ಹಿರಿಯರು? ನನಗೆ 52.

ಅಫಜಲಪುರ: ಮೇಡಂ, ನಂಬರ್ ಹಾಕಿದೆ. ಬಟ್ಟೆ ವ್ಯಾಪಾರ ಅಂತ ಬರುತ್ತಿದೆ. ವಿಳಾಸವೂ ಕೊಟೇಶನ್‌ನಲ್ಲಿ ಇರುವುದಲ್ಲ.

ಸಿಎ: ಸೀರೆ ಅಂಗಡಿಯಿಂದ ಬೇಳೆ ಮಿಲ್. ಅರ್ಜಿ ಬ್ಯಾಂಕಿಗೆ ಹೋಗಿದೆಯಾ?

ಅಫಜಲಪುರ: ಇಲ್ಲ, ಸೋಮವಾರ ಹಾಕುತ್ತೇನೆ ಅಂದಿದ್ದಾನೆ. ಈಗ ಫೋನ್ ಮಾಡುತ್ತಿದ್ದಾನೆ. ಎತ್ತಲಾ?

ಸಿಎ: ಎತ್ತಬೇಡಿ. ನಾಳೆ ಬ್ಯಾಂಕ್ ತೆಗೆದ ಕೂಡಲೇ ಆ ಎರಡು ಚೆಕ್ ನಂಬರಿಗೆ ಪಾವತಿ ನಿಲ್ಲಿಸಲು ನಿಮ್ಮ ಹೆಂಡತಿಯೇ ಬರೆದು ಕೊಡಲಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಪೋರ್ಟಲ್ ಪಾಸ್‌ವರ್ಡ್ ಅವನ ಹತ್ತಿರ ಇದ್ದರೆ ಈಗಲೇ ಬದಲಿಸಿ. ಆಮೇಲೆ ಕೊಟೇಶನ್ ತಗೊಂಡು ನನ್ನ ಆಫೀಸಿಗೆ ಬನ್ನಿ. ಅವರನ್ನೂ ಕರ್ಕೊಂಡು ಬನ್ನಿ, ಹೊರಗೆ ಗಾಡಿಯಲ್ಲಿ ಕೂರಿಸಬೇಡಿ.

ಅಫಜಲಪುರ: 40 ಸಾವಿರ?

ಸಿಎ: ನಗದು ಕೊಟ್ಟಿರಾ, ಫೋನ್‌ಪೇ ಮಾಡಿದಿರಾ?

ಅಫಜಲಪುರ: ನಗದು.

ಅಡ್ಮಿನ್: 6:20 ಆಯ್ತು, ಮೇಡಂ ಇನ್ನು ಹೊರಡಬೇಕು. ಗುಂಪು ನಾಳೆ ಬೆಳಿಗ್ಗೆ ತನಕ ಮುಚ್ಚುತ್ತಿದ್ದೇನೆ.

ಬೀದರ್: ಬಿದ್ರಿ ಮೇಡಂ...