ಇಂಗ್ಲೆಂಡಿನಲ್ಲಿ ಲೋಕಲ್ ರೈಲು ಖಾಸಗಿ ಮಾಡಿದ ಮೇಲೆ ಏನಾಯ್ತು?

ಕುಮಟಾ ಪ್ಯಾಸೆಂಜರ್:
ಕುಮಟಾದಿಂದ ಕಾರವಾರಕ್ಕೆ ರೈಲಿನಲ್ಲಿ ಓಡಾಡುತ್ತೇನೆ. ಒಂದು ವಾರದಿಂದ ನಮ್ಮ ಡಬ್ಬಿಯಲ್ಲಿ ಒಂದೇ ಮಾತು. ರೈಲು ಖಾಸಗಿಯವರಿಗೆ ಕೊಡಬೇಕು, ಇಂಗ್ಲೆಂಡಿನಲ್ಲಿ ಯಾವತ್ತೋ ಕೊಟ್ಟಿದ್ದಾರೆ ಅಂತ ಒಬ್ಬರು. ಕೊಂಕಣ ರೈಲ್ವೆಯೇ ಖಾಸಗಿ ಅಲ್ವಾ ಅಂತ ಇನ್ನೊಬ್ಬರು. ಅಂಕೋಲಾ ದಾಟುವುದರೊಳಗೆ ದನಿ ಜೋರಾಗಿರುತ್ತದೆ. ಅಲ್ಲಿ ನಿಜವಾಗಿ ಏನಾಯ್ತು? ಅಲ್ಲಿದ್ದು ಬಂದವರು ಯಾರಾದರೂ ಹೇಳಿ.

ಶರಾವತಿ ದಂಡೆ:
ತಮ್ಮಾ, ನಮ್ಮೂರು ಹೊನ್ನಾವರ. 1995ರಿಂದ ಹನ್ನೆರಡು ವರ್ಷ ಇಂಗ್ಲೆಂಡಿನ ಕೆಂಟ್‌ನಲ್ಲಿದ್ದೆ. ಟನ್‌ಬ್ರಿಜ್‌ನಿಂದ ಲಂಡನ್ನಿನ ಚೇರಿಂಗ್ ಕ್ರಾಸ್‌ಗೆ ದಿನಾ ಓಡಾಟ.

ಹೋದಾಗ ಇದ್ದದ್ದು ಸರ್ಕಾರಿ ಬ್ರಿಟಿಷ್ ರೈಲ್. ಸ್ಟೇಷನ್ನಿನ ದೀಪದ ಕಂಬಗಳಿಗೆ ಕೆಂಪು ಬಣ್ಣ. ಇಳಿಯಬೇಕಾದರೆ ಕಿಟಕಿ ಇಳಿಸಿ, ಕೈ ಹೊರಗೆ ಹಾಕಿ, ಹೊರಗಿನ ಹಿಡಿ ತಿರುಗಿಸಿ ಬಾಗಿಲು ತೆಗೆಯಬೇಕು. ಚಳಿಗಾಲದಲ್ಲಿ ಆ ಹಿಡಿ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. 1996ರ ಅಕ್ಟೋಬರಿನಲ್ಲಿ ಫ್ರೆಂಚರ ಕನೆಕ್ಸ್ ಕಂಪನಿ ಬಂತು. ಹದಿನೈದು ವರ್ಷದ ಕರಾರು. ಮಾರನೇ ದಿನವೂ ಅದೇ ಡಬ್ಬಿ, ಅದೇ ಹಿಡಿ.

ಯಾಕೆಂದರೆ ಹಳಿ ರೈಲ್‌ಟ್ರ್ಯಾಕ್ ಎನ್ನುವ ಬೇರೆ ಕಂಪನಿಯದು. ಡಬ್ಬಿ ಬಾಡಿಗೆಗೆ ಕೊಡುವವರು ಮತ್ತೊಬ್ಬರು. ಕನೆಕ್ಸ್‌ನವರು ಓಡಿಸುವವರು ಅಷ್ಟೇ. ಗದ್ದೆ ಒಬ್ಬರದು, ಎತ್ತು ಇನ್ನೊಬ್ಬರದು, ಗೇಣಿಗೆ ಮಾಡುವವ ಮೂರನೆಯವ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೇಣಿಗೂ ಇದಕ್ಕೂ ಒಂದು ವ್ಯತ್ಯಾಸ ಉಂಟು. ಇಲ್ಲಿ ಮಾಡುವವನಿಗೇ ಸರ್ಕಾರ ದುಡ್ಡು ಕೊಡಬೇಕು. 2002ರ ಡಿಸೆಂಬರಿನಲ್ಲಿ 5.8 ಕೋಟಿ ಪೌಂಡ್ ಹೆಚ್ಚಿಗೆ ಕೊಟ್ಟು, 2011ರವರೆಗಿದ್ದ ಕರಾರನ್ನು 2006ಕ್ಕೆ ಇಳಿಸಿದರು. ಆದರೂ ಹಣದ ಲೆಕ್ಕಾಚಾರ ಸರಿಯಿಲ್ಲ ಅಂತ 2003ರ ಜೂನ್‌ನಲ್ಲಿ ಕರಾರು ಕಿತ್ತುಕೊಂಡರು. ನವೆಂಬರ್ 9ರಿಂದ ಸರ್ಕಾರವೇ ಓಡಿಸಿತು. ಗುಂಡಿ ಒತ್ತಿದರೆ ತೆರೆಯುವ ಬಾಗಿಲಿನ ಹೊಸ ಡಬ್ಬಿಗಳಿಗೆ ಆರ್ಡರ್ ಕೊಟ್ಟದ್ದು ಮಾತ್ರ ಕನೆಕ್ಸೇ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2005ಕ್ಕೆ ಹಳೇ ಡಬ್ಬಿಗಳು ಪೂರ್ತಿ ಹೋದವು.

ಶಿರಸಿ ಪೇಟೆ:
ಕೊಂಕಣ ರೈಲ್ವೆ ಖಾಸಗಿ ಅಲ್ಲ ಮಾರಾಯರೇ. 1990ರಲ್ಲಿ ಹುಟ್ಟಿದ ಸರ್ಕಾರಿ ನಿಗಮ ಅದು. ಶುರುವಿನಲ್ಲಿ ರೈಲ್ವೆ ಇಲಾಖೆಯ ಪಾಲು ನೂರಕ್ಕೆ 51, ಕರ್ನಾಟಕದ್ದು 15. ಮಹಾರಾಷ್ಟ್ರ, ಗೋವಾ, ಕೇರಳದ ಪಾಲೂ ಇತ್ತು. ರೋಹಾದಿಂದ ತೋಕೂರಿನವರೆಗೆ 741 ಕಿ.ಮೀ. ಹಳಿ ಅವರದೇ, ನೋಡಿಕೊಳ್ಳುವವರೂ ಅವರೇ. ಹೆಸರು ಬೇರೆ ಇದೆ ಅಂತ ಜನ ಸುಮ್ನೆ ಖಾಸಗಿ ಅಂತಾರೆ.

ಕುಮಟಾ ಪ್ಯಾಸೆಂಜರ್:
ಅಣ್ಣಾ, ಸರ್ಕಾರ ತಗೊಂಡ ಮೇಲೆ ಅದರ ಹತ್ತಿರವೇ ಉಳಿಯಿತಾ?

ಶರಾವತಿ ದಂಡೆ:
ಇಲ್ಲ. 2006ರ ಏಪ್ರಿಲ್‌ನಲ್ಲಿ ಮತ್ತೆ ಖಾಸಗಿಗೆ ಕೊಟ್ಟರು. ಗೋವಿಯಾ ಅಂತ ಕಂಪನಿ, ರೈಲಿಗೆ ಸೌತ್‌ಈಸ್ಟರ್ನ್ ಅಂತ ಹೆಸರು. 2009ರಲ್ಲಿ ಅವರು ಅತಿವೇಗದ ರೈಲನ್ನೂ ಓಡಿಸಿದರು. ಆಮೇಲೆ ಸರ್ಕಾರಕ್ಕೆ ವಾಪಸ್ ಕೊಡಬೇಕಾದ 2.5 ಕೋಟಿ ಪೌಂಡಿಗೂ ಜಾಸ್ತಿ ಹಣ ಕೊಟ್ಟಿಲ್ಲ ಅಂತ ಗೊತ್ತಾಯಿತು. 2021ರ ಅಕ್ಟೋಬರ್ 17ಕ್ಕೆ ಎರಡನೇ ಸಲ ಸರ್ಕಾರದ ಕೈಗೆ ಬಂತು. ಉಳಿದ ಕಂಪನಿಗಳ ಕರಾರು ಮುಗಿದ ಹಾಗೆ ಅವನ್ನೂ ವಾಪಸ್ ತಗೊಳ್ಳಲು 2024ರಲ್ಲಿ ಅಲ್ಲಿ ಕಾನೂನೇ ಆಗಿದೆ. ಡಬ್ಬಿಯಲ್ಲಿ ಮತ್ತೆ ಮಾತು ಬಂದರೆ, ಕೊಡಬೇಕು ಅನ್ನುವವರಿಗೆ ಹಳಿ ಯಾರ ಹತ್ತಿರ ಇರಬೇಕು ಅಂತ ಮೊದಲು ಕೇಳು.