‘ಉಷ್ಣ ವಿದ್ಯುತ್’ ಎಂದರೆ ಕಲ್ಲಿದ್ದಲು ಮಾತ್ರವೇ?

ಯಾವ ದೇಶ ಯಾವುದರಿಂದ ವಿದ್ಯುತ್ ತಯಾರಿಸುತ್ತದೆ ಎಂಬ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಂಕಿಅಂಶಗಳು ತೊಂದರೆ ಕೊಡಲಿಲ್ಲ, ಕೋಷ್ಟಕದ ತಲೆಬರಹಗಳು ಕೊಟ್ಟವು. ರೂಢಿಯಂತೆ ಜಲ, ಉಷ್ಣ, ಪರಮಾಣು, ಪವನ, ಸೌರ ಎಂದು ಐದು ಕಾಲಂ ಹಾಕಿಕೊಂಡೆ. ನಾರ್ವೆಯ ವಿದ್ಯುತ್ತಿನಲ್ಲಿ ಶೇ 90ರ ಆಸುಪಾಸು ನೀರಿನದು. ‘ಜಲ’ದಲ್ಲಿ ತಕರಾರಿಲ್ಲದೆ ಕುಳಿತಿತು. ದಕ್ಷಿಣ ಆಫ್ರಿಕಾದಲ್ಲಿ ಶೇ 80ಕ್ಕೂ ಹೆಚ್ಚು ಕಲ್ಲಿದ್ದಲಿನದು; ಅದು ‘ಉಷ್ಣ’. ಫ್ರಾನ್ಸಿನ ಹೆಸರು ಬಂದಾಗ ಕೈ ನಿಂತಿತು.

ಅಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವಿದ್ಯುತ್ ಪರಮಾಣು ಸ್ಥಾವರಗಳದು. ಆದರೆ ಆ ಸ್ಥಾವರ ಮಾಡುವುದಾದರೂ ಏನು? ನೀರು ಕಾಯಿಸುತ್ತದೆ, ಹಬೆ ಎಬ್ಬಿಸುತ್ತದೆ, ಹಬೆಯಿಂದ ಟರ್ಬೈನ್ ತಿರುಗಿಸುತ್ತದೆ. ಕಲ್ಲಿದ್ದಲಿನ ಸ್ಥಾವರವೂ ಅದನ್ನೇ ಮಾಡುತ್ತದೆ, ಒಲೆ ಬೇರೆ ಅಷ್ಟೆ. ಮೊರಾಕ್ಕೊದ ವಾರ್ಜಾಜಾತ್ ಬಳಿ ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಕೂಡಿಸಿ, ಆ ಬಿಸಿಯಿಂದಲೇ ಹಬೆ ಮಾಡುತ್ತಾರೆ. ಅದು ಸೌರವೋ ಉಷ್ಣವೋ? ಕೀನ್ಯಾದ ಓಲ್ಕಾರಿಯದಲ್ಲಂತೂ ಹಬೆ ನೆಲದೊಳಗಿಂದಲೇ ಬರುತ್ತದೆ. ಹೆಸರಿನ ಮಾತು ಕೇಳಿದರೆ ಇವೆಲ್ಲವೂ ಉಷ್ಣ ವಿದ್ಯುತ್ತೇ. ನೀರು, ಗಾಳಿ, ಬಿಸಿಲು ಮೂಲದ ಹೆಸರುಗಳು. ‘ಉಷ್ಣ’ ಮಾತ್ರ ವಿಧಾನದ ಹೆಸರು. ಒಂದೇ ಸಾಲಿನಲ್ಲಿ ಇವನ್ನು ಕೂರಿಸಿದ್ದೇ ತಪ್ಪು ಎನಿಸುತ್ತದೆ.

ಇದು ಬರೀ ತರ್ಕದ ಜಗಳ ಎನ್ನುವವರಿಗೆ ಒಂದು ಉದಾಹರಣೆ. 2024ರ ಸೆಪ್ಟೆಂಬರ್ 30ರಂದು ಬ್ರಿಟನ್ ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಮುಚ್ಚಿತು. ರೂಢಿಯ ಕೈಗೆ ಕೊಟ್ಟರೆ ಇದು ‘ಬ್ರಿಟನ್ ಕೊನೆಯ ಉಷ್ಣ ವಿದ್ಯುತ್ ಸ್ಥಾವರವನ್ನು ಮುಚ್ಚಿತು’ ಎಂದಾಗುತ್ತದೆ. ಅದು ಸುಳ್ಳು. ಅಲ್ಲಿ ಅನಿಲ ಸುಡುವ ಸ್ಥಾವರಗಳು ಇನ್ನೂ ನಡೆಯುತ್ತಿವೆ, ಅವೂ ಉಷ್ಣವೇ.

‘ಶಾಖೋತ್ಪನ್ನ’ದ ಪಾಡು ಇನ್ನೂ ವಿಚಿತ್ರ. ಉತ್ಪನ್ನ ಎಂದರೆ ಹುಟ್ಟಿದ್ದು. ‘ಶಾಖೋತ್ಪನ್ನ ವಿದ್ಯುತ್’ ಸರಿ, ಶಾಖದಿಂದ ಹುಟ್ಟಿದ ವಿದ್ಯುತ್. ಆದರೆ ‘ಶಾಖೋತ್ಪನ್ನ ಕೇಂದ್ರ’ ಎಂದಾಗ ಕೇಂದ್ರವೇ ಶಾಖದಿಂದ ಹುಟ್ಟಿಬಿಡುತ್ತದೆ. ಇದನ್ನು ತಿದ್ದಲು ಹೋಗಿ ‘ಶಾಖೋತ್ಪಾದಕ ಕೇಂದ್ರ’ ಎಂದರೆ ಅದು ವಿದ್ಯುತ್ತನ್ನು ಬಿಟ್ಟು ಶಾಖವನ್ನು ಉತ್ಪಾದಿಸತೊಡಗುತ್ತದೆ. ತಮಾಷೆಯೆಂದರೆ ಈ ತಪ್ಪು ಪದವೇ ಹೆಚ್ಚು ನಿಜ: ಕಲ್ಲಿದ್ದಲು ಸುಟ್ಟ ಶಾಖದಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು, ಹೊಸ ಸ್ಥಾವರವಾದರೆ ಅದಕ್ಕಿಂತ ತುಸು ಹೆಚ್ಚು, ವಿದ್ಯುತ್ತಾಗುತ್ತದೆ. ಮಿಕ್ಕದ್ದು ಗಾಳಿಗೆ, ನೀರಿಗೆ.

‘ಅಣು ವಿದ್ಯುತ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಾಲೆಯ ಪಠ್ಯದ ಪ್ರಕಾರ ಪರಮಾಣುಗಳು ಕೂಡಿ ಅಣುವಾಗುತ್ತದೆ. ಅಣು ಒಡೆದು ಈ ವಿದ್ಯುತ್ ಬರುವುದಿಲ್ಲ. ಪತ್ರಿಕೆಯ ತಲೆಬರಹಕ್ಕೆ ಎರಡಕ್ಷರದ ಪದ ಬೇಕು, ಅದಕ್ಕೇ ಉಳಿದುಕೊಂಡಿದೆ. ‘ಬೈಜಿಕ’, ಅಂದರೆ ಪರಮಾಣುವಿನ ನಡುವಿನ ಬೀಜಕ್ಕೆ (ನ್ಯೂಕ್ಲಿಯಸ್) ಸೇರಿದ್ದು, ಹೆಚ್ಚು ನಿಖರ, ಆದರೆ ಓದುಗರಿಗೆ ಬಿತ್ತನೆ ಬೀಜ ನೆನಪಾಗುತ್ತದೆ.

ಜನರ ಬಾಯಿಗೆ ನಿಖರತೆಯ ಹಂಗಿಲ್ಲ ಎಂಬುದೂ ಗೊತ್ತು. ಕೆನಡಾದ ಕೆಲವು ಪ್ರಾಂತ್ಯಗಳಲ್ಲಿ ವಿದ್ಯುತ್ತಿಗೇ ‘ಹೈಡ್ರೊ’ ಎನ್ನುತ್ತಾರೆ, ಬಿಲ್ಲು ಬಂದರೆ ‘ಹೈಡ್ರೊ ಬಿಲ್’. ಅವುಗಳಲ್ಲಿ ಒಂಟಾರಿಯೊದ ವಿದ್ಯುತ್ತಿನ ಅರ್ಧದಷ್ಟು ಪರಮಾಣುವಿನಿಂದ ಬರುತ್ತದೆ. ಹೆಸರು ಮಾತ್ರ ನೀರಿನದೇ. ನಮ್ಮ ‘ವಿದ್ಯುತ್’ ಎಂದರೇ ಮಿಂಚು. ತಮಿಳಿನ ‘ಮಿನ್ಸಾರ’ದೊಳಗೂ ಮಿಂಚಿದೆ. ಮಿಂಚಿನಿಂದ ವಿದ್ಯುತ್ ಮಾಡುವ ದೇಶ ಒಂದೂ ಇಲ್ಲ. ಅರಬ್ಬಿಯ ‘ಕಹ್‌ರಬಾ’ ಪಾರಸಿಯಿಂದ ಬಂದದ್ದು, ಹುಲ್ಲನ್ನು ಸೆಳೆಯುವುದು ಎಂಬ ಅರ್ಥದ, ಶಿಲಾರಾಳದ (ಕಲ್ಲಾದ ಮರದ ಅಂಟು, ಆಂಬರ್) ಹೆಸರು. ಐಸ್‌ಲ್ಯಾಂಡಿನವರ ‘ರಾಫ್‌ಮಾಗ್ನ್’ ಕೂಡ ಆ ರಾಳದ ಬಲವೇ. ಮಾತಿನಲ್ಲಿ ಇದೆಲ್ಲ ಸೊಗಸು. ಆದರೆ ಕೋಷ್ಟಕ ಮಾತಲ್ಲ. ದೇಶದ ಪಕ್ಕ ದೇಶವನ್ನಿಟ್ಟು ಅಳೆಯುವಾಗ ಯಾವುದನ್ನು ಸುಟ್ಟರು ಎಂಬುದು ತಿಳಿಯಲೇಬೇಕು. ‘ಉಷ್ಣ’ ಅದನ್ನು ಮುಚ್ಚಿಡುತ್ತದೆ.

ಹಾಗಾಗಿ ನಾನು ಆ ಕಾಲಂ ಅಳಿಸಿ ಕಲ್ಲಿದ್ದಲು, ಅನಿಲ, ತೈಲ ಎಂದು ಮೂರು ಮಾಡಿದ್ದೇನೆ. ‘ಉಷ್ಣ’ವನ್ನು ಎಲ್ಲ ಹಬೆಯಂತ್ರಗಳಿಗೂ ಹೊಂದುವ ಒಟ್ಟು ಹೆಸರಾಗಿ ಲೇಖನದೊಳಗೆ ಒಮ್ಮೆ ಮಾತ್ರ ಬಳಸಿದ್ದೇನೆ. ಇದಕ್ಕೆ ಆಕ್ಷೇಪವಿದ್ದರೆ ಬಲ್ಲವರು ತಿಳಿಸಬೇಕು.

ಜೊತೆಗೆ ಎರಡು ಸಣ್ಣ ಪ್ರಶ್ನೆಗಳು. ಚೀನಾದ ತ್ರೀ ಗಾರ್ಜಸ್ ಅಣೆಕಟ್ಟೆಯಲ್ಲಿ 700 ಮೆಗಾವಾಟಿನ 32 ಯಂತ್ರಗಳಿವೆ. ಇವನ್ನು ‘ಘಟಕ’ ಎನ್ನಬಹುದೇ? ಇಡೀ ಸ್ಥಾವರಕ್ಕೂ ‘ಘಟಕ’ ಎನ್ನುವುದುಂಟು, ಮೆಗಾವಾಟ್ ಎಂಬ ಅಳತೆಯ ಮಾನಕ್ಕೂ ಅದೇ ಪದ. ಒಂದೇ ವಾಕ್ಯದಲ್ಲಿ ಮೂರೂ ಬಂದರೆ ಓದುಗ ಓಡಿಹೋಗುತ್ತಾನೆ. ನಾನು ‘ಜನರೇಟರ್’ ಎಂದೇ ಬರೆದಿದ್ದೇನೆ.

ಎರಡನೆಯದು ಐಸ್‌ಲ್ಯಾಂಡಿನದು. ಅಲ್ಲಿನ ವಿದ್ಯುತ್ತಿನಲ್ಲಿ ಸುಮಾರು ಶೇ 70 ನೀರಿನದು, ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ನೆಲದಾಳದ ಕಾವಿನದು. ಭೂಶಾಖ, ಭೂಉಷ್ಣ, ಭೂತಾಪ ಮೂರನ್ನೂ ಬರೆದು ನೋಡಿದೆ. ಮೊದಲನೆಯದು ಯಾವುದೋ ಬ್ಯಾಂಕಿನ ಶಾಖೆಯಂತೆ ಕೇಳಿಸಿತು, ಎರಡನೆಯದು ಸಂಧಿಯಾಗದೆ ನಡುವೆ ಬಿರುಕು ಬಿಟ್ಟಿತು, ಮೂರನೆಯದರಲ್ಲಿ ಭೂಮಿಗೆ ಜ್ವರ ಬಂದಿತ್ತು. ಸದ್ಯಕ್ಕೆ ‘ನೆಲಗಾವು’ ಎಂದು ಬರೆದಿಟ್ಟಿದ್ದೇನೆ. ಈ ಪದ ಕನ್ನಡದ ಕಿವಿಗೆ ಒಗ್ಗುತ್ತದೆಯೇ, ಇಲ್ಲವೇ?