ಮಗುವಿಗೆ ‘ಮುನಿಯಮ್ಮ’ ಅಂತ ಹೆಸರಿಟ್ಟರೆ ಬೆಂಗಳೂರಲ್ಲಿ ಜನ ಹೇಗೆ ನೋಡ್ತಾರೆ?

ನಾಗರಭಾವಿ_ಓದುಗ:
ಹುಟ್ಟಲಿರುವ ಮಗು ಹೆಣ್ಣಾದರೆ ಮುತ್ತಜ್ಜಿಯ ಹೆಸರು ಮುನಿಯಮ್ಮ ಅಂತಲೇ ಇಡುವ ಆಸೆ. ‘ಶಾಲೆಯಲ್ಲಿ, ಇಂಟರ್‌ವ್ಯೂನಲ್ಲಿ ಹೆಸರು ಕೇಳಿದ ಕೂಡಲೇ ಬಡವರ ಮನೆಯವಳು ಅಂದುಕೊಳ್ತಾರೆ, ಅದ್ವಿಕಾ, ಕಿಯಾರಾ ಥರದ್ದು ಇಡಿ’ ಅನ್ನುವುದು ನೆಂಟರ ವಾದ. ಇದರಲ್ಲಿ ಎಷ್ಟು ನಿಜ? ನೋಂದಣಿಯಲ್ಲಿ ಏನು ಎಚ್ಚರಿಕೆ ಬೇಕು?

ಬಸವನಗುಡಿ_ಬರಹ:
ಜನ ಮೊದಲು ನೋಡುವುದು ಹೆಸರಿನ ಬಾಲ. ಅಪ್ಪ, ಅಮ್ಮ, ಅಯ್ಯ, ಅಕ್ಕ ಅಂತ ಮುಗಿದರೆ ‘ಹಳ್ಳಿ ಕಡೆಯವರು’ ಅನ್ನುತ್ತಾರೆ. ಆದರೆ ಬಾಲ ಹೇಳುವುದು ಹೆಚ್ಚಾಗಿ ಕಾಲವನ್ನು, ಅಂತಸ್ತನ್ನಲ್ಲ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಅಂದರೆ ಡಿವಿಜಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾದರು. ಆಗ ಎಲ್ಲ ಮನೆಗಳಲ್ಲೂ ಅಪ್ಪ, ಅಯ್ಯ ಇದ್ದರು.

ಎರಡನೆಯದು ದೇವರು. ಮುನಿಯಪ್ಪ, ಮುನಿಯಮ್ಮ, ಮುನಿರತ್ನ ಅಂದರೆ ಬೆಂಗಳೂರು–ಕೋಲಾರ ಸೀಮೆಯ ಮುನೇಶ್ವರನ ಒಕ್ಕಲು. ನಂಜುಂಡ ಅಂದರೆ ನಂಜನಗೂಡು, ಮಾದೇವ ಅಂದರೆ ಮಲೆ ಮಹದೇಶ್ವರ ಬೆಟ್ಟ, ಯಲ್ಲಮ್ಮ ಅಂದರೆ ಸವದತ್ತಿ. ಮಂಜುನಾಥ ಕೂಡ ಧರ್ಮಸ್ಥಳದ ದೇವರೇ, ಆದರೆ ಆ ಹೆಸರನ್ನು ಯಾರೂ ಕೀಳಾಗಿ ನೋಡುವುದಿಲ್ಲ. ತಿಪ್ಪಣ್ಣ, ತಿಪ್ಪಮ್ಮ ಅನ್ನುವುದು ಎಷ್ಟೋ ಸಲ ಕೂಸುಗಳು ಉಳಿಯದ ಮನೆಯಲ್ಲಿ ಸಾವಿನ ಕಣ್ಣು ತಪ್ಪಿಸಲು ಇಟ್ಟ ಹೆಸರು. ಅದರ ಹಿಂದೆ ಇದ್ದದ್ದು ಭಯ, ಪ್ರೀತಿ ಎರಡೂ. ಅದನ್ನು ಕೇಳಿ ನಗುವವರಿಗೆ ಇದು ಗೊತ್ತಿರಬೇಕು.

ಹೊಸ ಹೆಸರೂ ಹೊಸದಾಗಿ ಉಳಿಯುವುದಿಲ್ಲ. ಸುರೇಶ, ರಮೇಶ ಒಂದು ಕಾಲಕ್ಕೆ ಪೇಟೆಯ ಫ್ಯಾಷನ್ ಆಗಿದ್ದವು, ಈಗ ಕೇಳಿದರೆ ಅಪ್ಪಂದಿರ ವಯಸ್ಸು ನೆನಪಾಗುತ್ತದೆ. ಅದ್ವಿಕಾಗೂ ಅದೇ ಗತಿ.

ಎಚ್‌ಆರ್_ಕೋರಮಂಗಲ:
ಕಾಲ, ಊರು ಅಂದು ಜಾತಿಯನ್ನು ಬದಿಗೆ ಸರಿಸಬೇಡಿ. ಸಂಶೋಧಕರಾದ ಸುಖದೇವ್ ಥೋರಟ್, ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾಸಗಿ ಕಂಪನಿಗಳ ಜಾಹೀರಾತಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದ್ದರು. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ಮುಂದಿನ ಹಂತಕ್ಕೆ ಕರೆ ಬರುವ ಆಡ್ಸ್ (ಕರೆ ಬರುವುದಕ್ಕೂ ಬಾರದಿರುವುದಕ್ಕೂ ಇರುವ ಅನುಪಾತ) ದಲಿತ ಹೆಸರಿಗೆ 0.67 ಪಟ್ಟು, ಮುಸ್ಲಿಂ ಹೆಸರಿಗೆ 0.33 ಪಟ್ಟು. ಹಾಗಾಗಿ ನೆಂಟರ ಭಯ ಸುಳ್ಳಲ್ಲ. ಆದರೆ ಕೂಸಿನ ಹೆಸರು ಬದಲಿಸಿದರೆ ಈ ತಾರತಮ್ಯ ಹೋಗುವುದೂ ಇಲ್ಲ. ಹೆಸರಿನ ಪಕ್ಕ ಗೌಡ, ರಾವ್, ಶೆಟ್ಟಿ ಇದೆಯೋ ಬರೀ ಇನಿಶಿಯಲ್ ಇದೆಯೋ, ಅಪ್ಪನ ಹೆಸರೇನು ಅಂತ ನೋಡುವವರು ನೋಡಿಯೇ ನೋಡುತ್ತಾರೆ.

ತಿದ್ದಬೇಕಾದದ್ದು ಅರ್ಜಿ ಓದುವ ಕಡೆ. ರೆಸ್ಯೂಮೆಯಲ್ಲಿ ಹೆಸರು ಅಳಿಸಿದರೆ ಸಾಲದು: ಫೋಟೋ, ತಂದೆಯ ಹೆಸರು, ಸ್ವಂತ ಊರು, ಇಮೇಲ್, ಲಿಂಕ್ಡ್‌ಇನ್ ಕೊಂಡಿ ಎಲ್ಲ ತೆಗೆಯಬೇಕು. ಹೆಚ್ಚಾಗಿ ಗುಟ್ಟು ರಟ್ಟಾಗುವುದು ಫೈಲಿನ ಹೆಸರಿನಲ್ಲಿ, ಒಳಗೆ ಅಳಿಸಿರುತ್ತಾರೆ, ಹೊರಗೆ ‘ಮುನಿಯಪ್ಪ ಸಿವಿ.ಪಿಡಿಎಫ್’ ಅಂತಲೇ ಇರುತ್ತದೆ. ಪಿಡಿಎಫ್ ಪ್ರಾಪರ್ಟಿಯಲ್ಲಿ ‘ಆಥರ್’ ಜಾಗವನ್ನೂ ನೋಡಿ. ಇಂಟರ್‌ವ್ಯೂ ಮಾಡದವರೊಬ್ಬರು ಅರ್ಜಿಗಳಿಗೆ ಹೆಸರಿನ ಬದಲು ನಂಬರ್ ಕೊಟ್ಟು ಹಂಚಬೇಕು, ಅಂಕ ಕೊಡುವ ಅಳತೆಗೋಲು ಅರ್ಜಿ ತೆರೆಯುವ ಮೊದಲೇ ಬರೆದಿಟ್ಟಿರಬೇಕು. ಇಂಟರ್‌ವ್ಯೂನಲ್ಲಿ ಹೆಸರು ಹೇಗೂ ಗೊತ್ತಾಗುತ್ತದೆ. ಅಲ್ಲಿ ಎಲ್ಲರಿಗೂ ಅವೇ ಪ್ರಶ್ನೆ, ಮಾತಾಡಿಕೊಳ್ಳುವ ಮುಂಚೆ ಒಬ್ಬೊಬ್ಬರೂ ಅಂಕ ಬರೆದುಬಿಡುವುದು.

ದಾಖಲೆ_ಮಿತ್ರ:
ನೋಂದಣಿ ಬಗ್ಗೆ. ಜನನವನ್ನು 21 ದಿನದೊಳಗೆ ತಿಳಿಸಬೇಕು. ಹೆಸರು ಆಗಲೇ ಕೊಡಲೇಬೇಕೆಂದಿಲ್ಲ: 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಹಾಗಾಗಿ ಆಸ್ಪತ್ರೆಯಲ್ಲಿ ಅವಸರಕ್ಕೆ ಏನೋ ಒಂದು ಬರೆಸಬೇಡಿ. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆ ಸೇರಲು, ಪಾಸ್‌ಪೋರ್ಟ್‌ಗೆ ಜನನ ಪ್ರಮಾಣಪತ್ರವೇ ಆಧಾರ, ಅದರಲ್ಲಿ ತಪ್ಪಿದರೆ ಮುಂದೆಲ್ಲ ತಪ್ಪು.

ಇನಿಶಿಯಲ್ ಬಿಡಿಸಿಯೇ ಬರೆಸಿ. ‘ಮುನಿಯಮ್ಮ ವಿ’ ಅಂತಿದ್ದರೆ ಪಾಸ್‌ಪೋರ್ಟ್ ಅರ್ಜಿಯಲ್ಲಿ ಆ ‘ವಿ’ ಅನ್ನು ವೆಂಕಟೇಶ್ ಅಂತ ಬಿಡಿಸಬೇಕಾಗುತ್ತದೆ, ಆಗ ಅಂಕಪಟ್ಟಿಗೂ ಅದಕ್ಕೂ ತಾಳೆಯಾಗುವುದಿಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ‘ಯ’ಗೆ ವೈ ಬೇಕೋ ಬೇಡವೋ, ‘ಮ್ಮ’ಗೆ ಎರಡು ಎಮ್ಮೋ ಒಂದೋ ಅಂತ ಈಗಲೇ ಕಾಗದದಲ್ಲಿ ಬರೆದಿಟ್ಟು ಎಲ್ಲ ಕಡೆ ಅದನ್ನೇ ಕೊಡಿ. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಸಿಗುವುದು ಎರಡೇ ಅವಕಾಶ.

ನಾಗರಭಾವಿ_ಓದುಗ:
ಮುನಿಯಮ್ಮ ಅಂತಲೇ ಇಡುತ್ತೇವೆ, ಅಪ್ಪನ ಹೆಸರು ಪೂರ್ತಿ ಬರೆಸಿ. ಎರಡು ಎಮ್, ಒಂದು ವೈ.